ಒಣ ಬಂಗಡೆಗೆ ಹಸಿ ಬಂಗಡೆಯ ದರ

ಇಪ್ಪತ್ತು ವರ್ಷ ದಾಟಿದ, ಹೊರದೇಶದಿಂದ ಆಮದಾದ ವಿದೇಶಿ ಕಾರಿನ ನೋಂದಣಿ ನವೀಕರಿಸಲು 80,000 ರೂಪಾಯಿ. ಅದೇ ವಯಸ್ಸಿನ ಸ್ವದೇಶಿ ಕಾರಿಗೆ 10,000. 2025ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ದರಪಟ್ಟಿ ಇದು. ಹದಿನೈದರಿಂದ ಇಪ್ಪತ್ತರೊಳಗಿನ ವಿದೇಶಿ ಮುದುಕರಿಗೆ 40,000ದ ರಿಯಾಯಿತಿ ಉಂಟು. ಎರಡೂ ಕಾರುಗಳ ಹೊಗೆ ಅಳೆಯುವುದು ಒಂದೇ ಯಂತ್ರ, ಬ್ರೇಕ್ ನೋಡುವವರು ಒಬ್ಬರೇ ಇನ್‌ಸ್ಪೆಕ್ಟರು. ವಿದೇಶಿ ಬ್ರೇಕ್ ಒತ್ತಲು ಕಾಲಿಗೆ ಎಂಟು ಪಟ್ಟು ಬಲ ಬೇಕೋ ಏನೋ. ಐದು ವರ್ಷ ಬಿಟ್ಟು ಮತ್ತೆ ಕಟ್ಟಬೇಕು.

ಇದು ನವೀಕರಣದ್ದಾಯಿತು. ಗೋವಾ ನಂಬರಿನ ಹಳೆ ವಿದೇಶಿ ಕಾರನ್ನು ಅಗ್ಗಕ್ಕೆ ಸಿಕ್ಕಿತೆಂದು ಗಡಿಯ ಮಾಜಾಳಿ ದಾಟಿಸಿ ತಂದವರಿಗೆ ರಾಜ್ಯ ಸರ್ಕಾರದ ಸ್ಮರಣಶಕ್ತಿಯ ದರ್ಶನವಾಗುತ್ತದೆ. ನೀವು ಎಷ್ಟು ಕೊಟ್ಟಿರಿ ಎಂದು ಅದು ಕೇಳುವುದೇ ಇಲ್ಲ. ಕಾರು ಹೊಸದಿದ್ದಾಗ ಎಷ್ಟಿತ್ತು ಎಂಬುದೊಂದೇ ಅದಕ್ಕೆ ಬೇಕು. ಅದೂ ಕಸ್ಟಮ್ಸ್ ಸುಂಕ ಸೇರಿಸಿದ ಬೆಲೆ. ಒಣ ಬಂಗಡೆಗೆ ಹಸಿ ಬಂಗಡೆಯ ದರ ಹಿಡಿದು, ಐಸಿನ ಖರ್ಚನ್ನೂ ಮೇಲೆ ಹಾಕಿದ ಹಾಗೆ. 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ಒಟ್ಟು ಶೇ 19.98. ಆ ಎರಡು ಪೈಸೆ ಬಿಟ್ಟುಕೊಟ್ಟ ಔದಾರ್ಯಕ್ಕೆ ನಮಸ್ಕಾರ. 40 ಲಕ್ಷದ ಕಾರೆಂದರೆ 7,99,200 ರೂಪಾಯಿ. ಕಾರಿಗೆ ಎರಡು ವರ್ಷ ತುಂಬುವವರೆಗೆ ಇದರ ಶೇ 93, ನಾಲ್ಕರಿಂದ ಐದರೊಳಗಾದರೆ ಶೇ 75, ಅಂದರೆ 5,99,400. ವಯಸ್ಸಾದಂತೆ ಶೇಕಡಾ ಇಳಿಯುತ್ತದೆ, ಮೂಲ ಬೆಲೆ ಇಳಿಯುವುದಿಲ್ಲ.

ಹಾಗಾದರೆ ಹಳೆಯದನ್ನು ನೇರ ಹೊರದೇಶದಿಂದಲೇ ತರಿಸಿದರೆ? ತಯಾರಾಗಿ ಮೂರು ವರ್ಷ ಮೀರಿದ್ದಕ್ಕೆ ಪ್ರವೇಶವಿಲ್ಲ. ಸ್ಟೀರಿಂಗ್ ಬಲಗಡೆಯೇ ಇರಬೇಕು, ಇಳಿಸುವುದು ಮುಂಬಯಿ ಬಂದರಿನಲ್ಲೇ. ನಮ್ಮ ಕಾರವಾರದಲ್ಲೂ ಒಂದು ಬಂದರಿದೆ ಎಂದು ನೆನಪಿಸಬೇಡಿ ಮಾರಾಯ್ರೆ, ಅಲ್ಲಿ ಇಳಿಸುವಂತಿಲ್ಲ. ಹೀಗೆ ಬಂದಾಗ ಪ್ರಾಯದಲ್ಲೇ ಇದ್ದ ಕಾರು, ನಮ್ಮ ಹೊಂಡಗಳಲ್ಲೇ ಸಸ್ಪೆನ್ಷನ್ ಕಳೆದುಕೊಂಡು ಮುದಿಯಾದದ್ದು, ಈಗ ಮುದಿತನಕ್ಕೂ ದಂಡ ತೆರುತ್ತದೆ.

ಕಾಗದದ ಕತೆ ಬೇರೆ. ಗೋವಾ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರಲ್ಲಿ ಎನ್‌ಒಸಿ ಎಂಬ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಅದು ತೀರಿತೆನ್ನಲು ಮೊದಲು ಫಾರ್ಮ್ 35, ಮಾಲೀಕತ್ವಕ್ಕೆ 29 ಮತ್ತು 30, ಹೊಸ ನಂಬರಿಗೆ 27. ಎಡವುವುದು ಎನ್‌ಒಸಿಯಲ್ಲಿ: ನಿಮ್ಮ ವಿಳಾಸ ಶಿರಸಿಯದಾಗಿ, ಅದರಲ್ಲಿ ಕಾರವಾರ ಎಂದು ಬರೆಸಿದ್ದರೆ, ಶಿರಸಿಯ ಕೆಎ 31ರವರು ಕಾರವಾರದ ಕೆಎ 30ರ ಕಡೆ ಕೈ ತೋರಿಸುತ್ತಾರೆ, ಮತ್ತೆ ಗೋವಾ. ಅಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯದ್ದು ವಾಪಸ್ ಬೇಕೆಂದರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ, ಹೊಸ ಆರ್‌ಸಿ ಹಿಡಿದುಕೊಂಡು ಅಲ್ಲಿಗೆ ಹೋಗಬೇಕು. ಒಂದೇ ಕಾರಿಗೆ ಎರಡು ರಾಜ್ಯಗಳಲ್ಲಿ ಏಕಕಾಲಕ್ಕೆ ಜೀವಾವಧಿ.

ಇಪ್ಪತ್ತು ವರ್ಷದ ಕಾರಿಗೆ ಫಿಟ್‌ನೆಸ್ ಬೇಕು, ಒಪ್ಪೋಣ. ಕಾರವಾರದ ಕಾಳಿ ನದಿಯ ಹಳೆ ಸೇತುವೆಗೆ ನಲವತ್ತು ದಾಟಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಲಾರಿ ಸಮೇತ ನದಿಗೆ ಬಿತ್ತು. ಅದರ ಫಿಟ್‌ನೆಸ್ ಯಾವ ಫಾರ್ಮಿನಲ್ಲಿತ್ತು? ಅದಕ್ಕೂ ಮೂರು ವಾರ ಮೊದಲು ಅಂಕೋಲಾ ಕಡೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಹೆದ್ದಾರಿ ಕೇಂದ್ರದ್ದು, ತೆರಿಗೆ ರಾಜ್ಯದ್ದು ಎಂಬ ಪಾಠ ನಮಗೂ ಗೊತ್ತು. ಕೇಳಿ ಕೇಳಿ ಸಾಕಾಗಿದೆ. ದುಡ್ಡು ತೆಗೆದುಕೊಳ್ಳುವಾಗ ಇಬ್ಬರೂ ಇರುತ್ತಾರೆ, ಅದೇ ಹೆದ್ದಾರಿಯ ಹಟ್ಟಿಕೇರಿಯಲ್ಲಿ ಟೋಲ್ ಬೇರೆ.

ಇಷ್ಟಾದ ಮೇಲೂ ಆಸೆ ಬಿಡದವರು ಅಡ್ವಾನ್ಸ್ ಕೊಡುವ ಮೊದಲು ಮೂಲ ಇನ್‌ವಾಯ್ಸ್ ಮತ್ತು ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ನ ಆಮದು ದಾಖಲೆ, ಕೇಳಿ, ಅದರ ಮೇಲೆ ಲೆಕ್ಕ ಹಾಕಿ. ಮಾರುವವನು ಕೇಳಿದ ರೇಟಿಗಿಂತ ತೆರಿಗೆಯೇ ಜಾಸ್ತಿ ಬಂದರೆ ಗಾಬರಿ ಬೇಡ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ.