ನೆದರ್‌ಲ್ಯಾಂಡ್ಸ್ ಲೆಕ್ಕ: ರಫ್ತು ಮಾಡಿದ್ದೆಲ್ಲ ಅಲ್ಲೇ ಬೆಳೆದದ್ದಲ್ಲ

‘ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲದ ನೆದರ್‌ಲ್ಯಾಂಡ್ಸ್, ಆಹಾರ ಬೆಳೆಯುವುದರಲ್ಲಿ ಜಗತ್ತಿಗೇ ಎರಡನೆಯದು’ ಅನ್ನುವ ಸಂದೇಶ ಓಡಾಡುತ್ತಿದೆ. ನಮ್ಮ ರೈತರನ್ನು ಹೀಯಾಳಿಸಲೂ ಇದನ್ನು ಬಳಸುತ್ತಾರೆ. ಅದಕ್ಕೇ ಈ ಸ್ಪಷ್ಟನೆ.

ವಿಸ್ತೀರ್ಣದ ಮಾತು ಸರಿ. ಎರಡನೇ ಸ್ಥಾನ ಅಂತ ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಮಾತ್ರ ಬೆಳೆಯ ಲೆಕ್ಕವಲ್ಲ, ರಫ್ತಿನ ಹಣದ ಲೆಕ್ಕ. 2022ರಲ್ಲಿ ಆ ದೇಶದ ಕೃಷಿ ರಫ್ತು ಸುಮಾರು 122 ಬಿಲಿಯನ್ ಯೂರೋ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಬೇರೆ ದೇಶಗಳಿಂದ ತರಿಸಿ ಮತ್ತೆ ಹೊರಗೆ ಮಾರಿದ ಸರಕು. ಉಳಿದದ್ದೂ ಪೂರ್ತಿ ಅವರ ಹೊಲದ್ದಲ್ಲ. ಪಶ್ಚಿಮ ಆಫ್ರಿಕಾದ ಕೋಕೋ ಆಮ್‌ಸ್ಟರ್‌ಡ್ಯಾಂನಲ್ಲಿ ಇಳಿದು, ಪುಡಿ, ಬೆಣ್ಣೆಯಾಗಿ ಹೊರಡುತ್ತದೆ. ಅಲ್ಲಿನ ಹಸು, ಹಂದಿ ತಿನ್ನುವ ಸೋಯಾ ಬ್ರೆಜಿಲ್‌ನಿಂದಲೂ ಬರುತ್ತದೆ. ಇನ್ನು ಹೂವು, ಹೂಗಿಡದ ಗೆಡ್ಡೆ ದೊಡ್ಡ ಆದಾಯ ತರುತ್ತವೆ. ಅವು ಊಟವಲ್ಲ, ಅಲ್ವಾ?

ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಯುವ ಅವರ ಜಾಣ್ಮೆ ಮೆಚ್ಚಲೇಬೇಕಾದದ್ದು. ಆದರೆ ಅದರ ಹಿಂದೆ ಅಪಾರ ಬಂಡವಾಳ, ನೈಸರ್ಗಿಕ ಅನಿಲ, ರೋಟರ್‌ಡ್ಯಾಂ ಬಂದರು, ಪಕ್ಕದಲ್ಲೇ ಜರ್ಮನಿಯಂಥ ಶ್ರೀಮಂತ ಗಿರಾಕಿ ಇವೆ. ಗೋಧಿಯನ್ನಂತೂ ಅವರೇ ಹೊರಗಿನಿಂದ ಕೊಳ್ಳುತ್ತಾರೆ.