ಕಾಲು ತೆಗಿ ಅಪ್ಪಾ

ಕೊಚ್ಚಿಯ ಮಟ್ಟಂಚೇರಿಗೆ ನಾವು ಹೋಗಿದ್ದು ಶನಿವಾರ. ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಪರದೇಶಿ ಸಿನಗಾಗ್ ಬಾಗಿಲು ಹಾಕಿತ್ತು. ಶನಿವಾರ ಯೆಹೂದಿಗಳಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ ಅಂತ ಏಳನೇ ಕ್ಲಾಸಿನ ಮಗಳಿಗೂ ಗೊತ್ತಿತ್ತು. ಟೂರ್ ಪ್ಲಾನ್ ಮಾಡಿದ ನನಗೆ ಗೊತ್ತಿರಲಿಲ್ಲ. "ಬಿಡ್ರೀ, ನಿನ್ನೆ ಬಂದಿದ್ರೆ ಪಕ್ಕದ ಅರಮನೆಗೆ ರಜೆ ಇರ್ತಿತ್ತು. ನಿಮ್ಮ ಕೈಗುಣಕ್ಕೆ ವಾರದಲ್ಲಿ ಎರಡು ದಿನ ಉಂಟು" ಎಂದಳು ಹೆಂಡತಿ. ಸಮಾಧಾನ ಮಾಡಿದ್ದೋ ಏನೋ.

ಭಾನುವಾರ ಮತ್ತೆ ಹೊರಟೆವು. ಒಂದು ದಿನ ಜಾಸ್ತಿ ಉಳಿದಿದ್ದಕ್ಕೆ ಒಗೆದ ಸಾಕ್ಸ್ ಮುಗಿದಿತ್ತು. ಬ್ಯಾಗಿನ ತಳದಲ್ಲಿ ಸಿಕ್ಕಿದ್ದು ಹೆಬ್ಬೆರಳು ಇಣುಕುವ ಹಳೇ ಜೋಡಿ. ಶೂ ಒಳಗೆ ಯಾರು ನೋಡ್ತಾರೆ?

ಬಾಗಿಲಲ್ಲೇ ಶೂ ಬಿಡಬೇಕು ಅಂದರು.

1568ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ. ಮೇಲೆ ಬೆಲ್ಜಿಯಂನ ಗಾಜಿನ ತೂಗುದೀಪಗಳು. ದೇವರೇ, ಎಲ್ಲರೂ ಅದನ್ನೇ ನೋಡುತ್ತಿರಲಿ ಎಂದು ಬೇಡಿಕೊಂಡೆ. ಆದರೆ ಅಲ್ಲಿ ಎಲ್ಲರೂ ನೋಡೋಕೆ ಬರೋದೇ ನೆಲವನ್ನು! 18ನೇ ಶತಮಾನದಲ್ಲಿ ಚೀನಾದಿಂದ ತರಿಸಿದ ಬಿಳಿ ನೀಲಿ ಟೈಲ್ಸ್, ಎಲ್ಲದರ ಮೇಲೂ ಕೈಯಲ್ಲೇ ಬಿಡಿಸಿದ ಚಿತ್ರ. "ಒಂದರಂತೆ ಇನ್ನೊಂದಿಲ್ಲ, ಬೇಕಿದ್ರೆ ನೋಡಿ" ಎಂದರು ಗೈಡ್. ಇಪ್ಪತ್ತು ತಲೆ ಒಟ್ಟಿಗೆ ಬಗ್ಗಿದವು. ನಾನು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕೊಕ್ಕರೆಯಂತೆ ನಿಂತೆ. ಮಗಳು ಸಾಲು ಹಿಡಿದು ಪರೀಕ್ಷೆ ಮಾಡುತ್ತಾ ನನ್ನವರೆಗೂ ಬಂದಳು. "ಕಾಲು ತೆಗಿ ಅಪ್ಪಾ, ಕೆಳಗಿರೋ ಟೈಲು ನೋಡ್ಬೇಕು." ತೆಗೆದೆ. ಟೈಲನ್ನು ಮಾತ್ರ ಯಾರೂ ನೋಡಲಿಲ್ಲ.

ಹೊರಗೆ ಬಂದು ಸಾಕ್ಸ್ ಕಿತ್ತು ಜೇಬಿಗೆ ತುರುಕಿ, ಪಕ್ಕದ ಅರಮನೆಗೆ ನಡೆದೆ. ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಆಮೇಲೆ ರಿಪೇರಿ ಮಾಡಿಸಿದವರು ಡಚ್ಚರು. ಹೆಸರು ಡಚ್ ಅರಮನೆ! ರಿಪೇರಿ ಮಾಡಿಸಿದವರ ಬೋರ್ಡೇ ದೊಡ್ಡದಾಗೋದು ನಮ್ಮ ಬೀದಿಯ ಬಸ್‌ಸ್ಟಾಪಿಗೂ ಉಂಟು, ಅಲ್ವಾ? ಈಗದು ಮ್ಯೂಸಿಯಂ. ಪಲ್ಲಕ್ಕಿ, ಕತ್ತಿ, ಎಲ್ಲ ಇದೆ. ರಾಜರ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ. ನಮ್ಮ ಬೆಡ್‌ರೂಮಿನಲ್ಲಿ ಇರೋದು ಕ್ಯಾಲೆಂಡರ್ ಒಂದೇ.

ಕೊಚ್ಚಿಯ ಸೆಕೆ ಕೇಳಬೇಕೆ. ಬೆವರು ಕಣ್ಣಿಗೆ ಇಳಿಯಿತು. ಚಿತ್ರದಿಂದ ಕಣ್ಣು ಕೀಳದೆ ಕರ್ಚೀಫ್ ತೆಗೆದು ಮುಖ, ಕುತ್ತಿಗೆ ನೆಮ್ಮದಿಯಾಗಿ ಒರೆಸಿಕೊಂಡೆ. ವಾಸನೆ ಬಂದ ಮೇಲೆ ಗೊತ್ತಾಯಿತು. ಹೆಂಡತಿ ಯಾರದೋ ಗಂಡನನ್ನು ನೋಡುವ ಹಾಗೆ ನೋಡಿ ಗೋಡೆ ಕಡೆ ತಿರುಗಿದಳು.

ಮಗಳು ಕೈಯಿಂದ ಎರಡೂ ಸಾಕ್ಸ್ ಕಿತ್ತುಕೊಂಡು, ಅಕ್ಕಪಕ್ಕ ಹಿಡಿದು ಪರೀಕ್ಷಿಸಿದಳು.

"ಅಪ್ಪಾ, ಇದೂ ಅಷ್ಟೇ. ಒಂದರ ತೂತಿನಂತೆ ಇನ್ನೊಂದಿಲ್ಲ."