ಶೇ 10ರೊಳಗಿದ್ದರೆ ಸಾಕೇ?
ಪ್ರಬಂಧವೊಂದಕ್ಕೆ ಬೇರೆ ಬರಹಗಳೊಂದಿಗಿನ ಸಾಮ್ಯತೆ ಶೇ 10 ಮೀರದಿದ್ದರೆ ಕೃತಿಚೌರ್ಯದ ಭಯವಿಲ್ಲವೆಂದು ಲೇಖನವೊಂದರಲ್ಲಿ ಬಂದಿರುವ ಮಾತನ್ನು, ಕೋಲಾರದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ತಿದ್ದುವ ನಾನು ಪೂರ್ತಿ ಒಪ್ಪಲಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಅಷ್ಟರವರೆಗೆ ದಂಡನೆಯಿಲ್ಲ, ನಿಜ; ಆದರೆ ಸಾಮ್ಯತೆ ಅಳೆಯುವ ತಂತ್ರಾಂಶ ಹಿಡಿಯುವುದು ಮುಖ್ಯವಾಗಿ ಪದಗಳ ಹೋಲಿಕೆಯನ್ನು. ಕೆಜಿಎಫ್ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಬಗೆಗಿನ ಪ್ರಬಂಧವೊಂದರಲ್ಲಿ ವಿದ್ಯಾರ್ಥಿಯೊಬ್ಬರು ಬೇರೆಯವರ ಇಡೀ ಪುಟವನ್ನು, ‘ಮುಚ್ಚಲಾಯಿತು’ ಎಂದಿದ್ದಲ್ಲಿ ‘ಸ್ಥಗಿತಗೊಳಿಸಲಾಯಿತು’, ‘ಕಾರ್ಮಿಕರು’ ಎಂದಿದ್ದಲ್ಲಿ ‘ಶ್ರಮಿಕರು’ ಎಂದು ಬದಲಿಸಿ, ಆಕರ ಹೇಳದೆ ಇಳಿಸಿದ್ದರು. ವಾದದ ಕ್ರಮ ಚೂರೂ ಕದಲಿರಲಿಲ್ಲ. (ಮೂಲದ ಕಾಗುಣಿತದ ತಪ್ಪೂ ಹಾಗೆಯೇ ಉಳಿದಿತ್ತು!) ಅದೇ ವಿದ್ಯಾರ್ಥಿ ನಿವೃತ್ತ ಗಣಿ ಕಾರ್ಮಿಕರನ್ನು ಮಾತನಾಡಿಸಿ, ದಿನಾಂಕ ನಮೂದಿಸಿ ಬರೆದ ಎರಡು ಪುಟಗಳು ಮಾತ್ರ ಓದಿಸಿಕೊಂಡು ಹೋದವು. ಟಿಪ್ಪಣಿ ಮಾಡಿಕೊಳ್ಳುವಾಗಲೇ ಆಕರದ ಪುಟಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ನಾವು ಮೊದಲ ಸೆಮಿಸ್ಟರ್‌ನಲ್ಲೇ ಮಾಡಿಸಬೇಕಿತ್ತು.